ಅಣಬೆಯ ದ್ರವ ಕಲ್ಚರ್ ಮನೆಯಲ್ಲಿ: ಬಾಟಲಿ ಸ್ವಚ್ಛ ಅದನೋ ಇಲ್ಲೋ ಹೆಂಗ ಗುರುತಿಸೋದು?

ತೊಗರಿಕಟಗಿ, ಚಿತ್ತಾಪುರ

ಎಲ್ಲಾರಿಗೂ ನಮಸ್ಕಾರ. ಫ್ಲೋರಿಡಾ ಚಿಪ್ಪಣಬೆಯ ದ್ರವ ಕಲ್ಚರ್, ಅಂದ್ರ ಸಿಹಿ ನೀರಿನಾಗ ಬೆಳೆಸೋ ಅಣಬೆ ಎಳೆ, ಅದರ ಬಗ್ಗೆ ತಿಳಿದವರು ಹೇಳ್ರಿ. 500 ಮಿ.ಲೀ. ಗಾಜಿನ ಬಾಟಲಿ, ಅದರಾಗ 300 ಮಿ.ಲೀ. ಬೋರ್ ನೀರು, 30 ಗ್ರಾಂ ಬೆಲ್ಲ. ಕುಕ್ಕರ್‌ನಾಗ 3 ಸೀಟಿ. ಆರಿದ ಮ್ಯಾಲ ಟ್ಯೂಬ್ ಕಲ್ಚರಿನ (ಗಾಜಿನ ಟ್ಯೂಬಿನಾಗ ಬೆಳೆಸಿದ ಶುದ್ಧ ಅಣಬೆ ಎಳೆ) 4 ಚೂರು ಹಾಕಿ, ಮುಚ್ಚಳ ಸ್ವಲ್ಪ ಸಡಿಲ ಬಿಟ್ಟು ಇಟ್ಟದ್ದು. ಇವತ್ತಿಗೆ 6ನೇ ದಿನ. ಚೂರಿನ ಸುತ್ತ ಬಿಳಿ ಎಳೆ ಬಂದಾವ. ಆದರ ತಳದಾಗೂ ಒಂದು ಬಿಳಿ ಪದರ ಕುಂತದ, ಅಲುಗಾಡಿಸಿದ್ರ ಬಾಟಲಿ ಪೂರ್ತಿ ಮಜ್ಜಿಗಿ ಹಂಗ ಕಾಣ್ತದ. ಅಣಬೆ ಬೀಜ ಮಾಡಲಿಕ್ಕೆ 8 ಚೀಲದಷ್ಟು ಜೋಳ ನೆನೆಹಾಕೋದು ಅದ. ಇದನ್ನ ಹಾಕಬಹುದೇನ್ರಿ?

ಫರಸಿಕಲ್ಲು, ಶಹಾಬಾದ

ಜೋಳ ಇನ್ನೂ ನೆನೆಹಾಕಬ್ಯಾಡ್ರಿ. ಮೊದಲು ಆ ಬಾಟಲಿಯನ್ನು ಒಂದು ಕಡೆ 24 ತಾಸು ಅಲುಗಾಡಿಸದೆ ಇಡಿ. ಆಮೇಲೆ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಅಣಬೆಯ ಎಳೆ ಎಷ್ಟೇ ಇರಲಿ, ಅದು ಉಂಡೆ ಉಂಡೆಯಾಗಿ, ಹಿಂಜಿದ ಅರಳೆಯಂತೆ ನಿಲ್ಲುತ್ತದೆ. ಉಂಡೆಗೂ ಉಂಡೆಗೂ ನಡುವಿನ ನೀರು ತಿಳಿಯಾಗಿರಬೇಕು. ನಡುವಿನ ನೀರೇ ಮಬ್ಬಾಗಿದ್ದರೆ ಅದು ಅಣಬೆಯ ಕೆಲಸವಲ್ಲ, ಬೇರೆ ಯಾರೋ ಒಳಗೆ ಸೇರಿದ್ದಾರೆ.

ಬರೆದದ್ದರಲ್ಲಿ ನಾಲ್ಕು ತಪ್ಪು ಕಾಣುತ್ತವೆ. 300 ಮಿ.ಲೀ.ಗೆ 30 ಗ್ರಾಂ ಎಂದರೆ ಶೇ. 10. ಇಷ್ಟು ಸಿಹಿ ಬೇಡವೇ ಬೇಡ. ಶೇ. 2 ಸಾಕು, ಶೇ. 4 ದಾಟಬಾರದು. ಸಿಹಿ ಹೆಚ್ಚಾದಷ್ಟೂ ಎಳೆಗೆ ನೀರು ಹೀರಿಕೊಳ್ಳುವುದು ಕಷ್ಟ, ಬೆಳವಣಿಗೆ ನಿಧಾನವಾಗುತ್ತದೆ. ಎರಡನೆಯದು, 3 ಸೀಟಿ ಬೇಳೆ ಬೇಯಲಿಕ್ಕೆ ಸಾಕು, ಬ್ಯಾಕ್ಟೀರಿಯಾದ ಬೀಜಕಣ ಸಾಯಲಿಕ್ಕೆ ಸಾಲದು. ಮೂರನೆಯದು, ಸಡಿಲ ಮುಚ್ಚಳ. ನಾಲ್ಕನೆಯದು, ಬೆಲ್ಲದ ಬಣ್ಣ. ಸೋಂಕನ್ನು ಕಣ್ಣಿನಿಂದ ಹಿಡಿಯಲು ಇರುವ ಒಂದೇ ದಾರಿ ದ್ರವದ ತಿಳಿತನ, ಅದನ್ನೇ ಬೆಲ್ಲ ಮುಚ್ಚಿಬಿಡುತ್ತದೆ.

ಮಾಂಜ್ರಾದಂಡಿ, ಬೀದರ್

ಫರಸಿಕಲ್ಲು ಸರ್, ಉಳಿದದ್ದು ಒಪ್ಪತೀನಿ, ಬೆಲ್ಲದ ಮಾತು ಒಪ್ಪಾಂಗಿಲ್ಲ. ಬೆಲ್ಲದಾಗ ಸಕ್ಕರಿ ಜೊತಿಗೆ ಖನಿಜನೂ ಇರ್ತಾವ, ಎಳಿ ಜೋರಾಗೇ ಬರ್ತದ. ನಮ್ಮ ಕಡಿ ಗಾಣದ ಬೆಲ್ಲ ಎಲ್ಲಾ ಕಡಿ ಸಿಗ್ತದ, ಡೆಕ್ಸ್‌ಟ್ರೋಸ್ (ಗ್ಲೂಕೋಸ್ ಸಕ್ಕರಿ) ಹುಡುಕಿಕೊಂಡು ಯಾಕ ಹೋಗಬೇಕು? ತಪ್ಪು ಬೆಲ್ಲದ್ದಲ್ಲ, ಶುದ್ಧ ಮಾಡದ ಬೆಲ್ಲದ್ದು.

ಮಾಡೋದು ಹಿಂಗ: 1 ಲೀಟರ್ ನೀರಿಗೆ 20 ಗ್ರಾಂ ಬೆಲ್ಲ, ತಿಳಿ ಬಣ್ಣದ್ದೇ ಆರಿಸ್ರಿ. 10 ನಿಮಿಷ ಕುದಿಸಿ, ಮ್ಯಾಲಿನ ನೊರಿ ತೆಗೀರಿ. ಫ್ರಿಜ್‌ನಾಗ ಒಂದು ರಾತ್ರಿ ಇಡ್ರಿ. ಮುಂಜಾನಿ ತಳದಾಗ ಕಂದು ಗಷ್ಟು ಕುಂತಿರ್ತದ, ಅದರಾಗ ಮಣ್ಣೂ ಇರ್ತದ, ಬೆಲ್ಲ ಮಾಡುವಾಗ ಹಾಕಿದ ಸುಣ್ಣನೂ ಇರ್ತದ. ಅದನ್ನ ಕದಡದ ಮ್ಯಾಲಿನ ತಿಳಿ ಅಷ್ಟೇ ಬಸೀರಿ. ಕಾಫಿ ಫಿಲ್ಟರ್ ಕಾಗದದಾಗ ಒಮ್ಮೆ ಸೋಸ್ರಿ. ಆಮ್ಯಾಲ ಬಾಟಲಿಗೆ ಹಾಕಿ ಕುಕ್ಕರ್‌ಗೆ ಇಡ್ರಿ. ತೆಳ್ಳನೆ ಚಹಾದ ಬಣ್ಣ ಬರ್ತದ, ಅದರಾಚೆ ಪೇಪರಿನ ಅಕ್ಷರ ಓದಲಿಕ್ಕೆ ಬರ್ತದ. ಅಕ್ಷರ ಕಂಡ್ರ ಸಾಕಲ್ರಿ?

ಫರಸಿಕಲ್ಲು, ಶಹಾಬಾದ

ಅಕ್ಷರ ಕಂಡರೆ ಸಾಕು, ಆ ಪರೀಕ್ಷೆ ಬಹಳ ಒಳ್ಳೆಯದು. ಆದರೆ ಕುಕ್ಕರ್‌ನಿಂದ ಹೊರಬಂದ ಮೇಲೆ ಮತ್ತೆ ಅದೇ ಅಕ್ಷರ ಓದಿ ನೋಡಬೇಕು. ಬೆಲ್ಲದಲ್ಲಿ ಉಳಿದ ಸುಣ್ಣ ಒತ್ತಡದ ಬಿಸಿಗೆ ಪುಡಿಯಾಗಿ ಇಳಿಯುವುದುಂಟು. ನಮ್ಮ ಶಹಾಬಾದ, ಸೇಡಂ, ಚಿತ್ತಾಪುರದ ಕಡೆ ನೆಲದಡಿ ಸುಣ್ಣದ ಕಲ್ಲು. ಬೋರ್ ನೀರು ಕಾಯಿಸಿದರೆ ಪಾತ್ರೆಗೆ ಬಿಳಿ ಹೊಪ್ಪಳೆ ಹಿಡಿಯುತ್ತದಲ್ಲ, ಅದೇ ಬಾಟಲಿಯ ತಳದಲ್ಲೂ ಕೂರುತ್ತದೆ. ಹೊಸಬರು ಅದನ್ನು ಸೋಂಕು ಅಂದುಕೊಂಡು ಚೆಲ್ಲುತ್ತಾರೆ, ಇಲ್ಲವೇ ಸೋಂಕನ್ನು ಸುಣ್ಣ ಅಂದುಕೊಂಡು ಬಳಸುತ್ತಾರೆ. ಎರಡನೆಯದು ಹೆಚ್ಚು ನಷ್ಟ. ಆದ್ದರಿಂದ ಆರ್‌ಓ ನೀರು ಅಥವಾ ಬ್ಯಾಟರಿಗೆ ಹಾಕುವ ಸೀಲ್ ಇರುವ ಡಿಸ್ಟಿಲ್ಡ್ ನೀರು ತೆಗೆದುಕೊಳ್ಳಿ. ಒಂದು ಲೀಟರಿನಲ್ಲಿ ಮೂರು ನಾಲ್ಕು ಬಾಟಲಿ ಆಗುತ್ತವೆ, ಖರ್ಚು ಕಡಿಮೆ.

ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಎರಡೇ. ಮಾಲ್ಟ್ ಎಕ್ಸ್‌ಟ್ರಾಕ್ಟ್ (ಮೊಳಕೆ ಬಾರ್ಲಿಯ ಸಾರ) ಪುಡಿ ಸಿಕ್ಕರೆ 500 ಮಿ.ಲೀ.ಗೆ 10 ಗ್ರಾಂ, ಜೊತೆಗೆ ಯೀಸ್ಟ್ ಎಕ್ಸ್‌ಟ್ರಾಕ್ಟ್ ಅಥವಾ ಪೆಪ್ಟೋನ್ (ಎಳೆಗೆ ಸಾರಜನಕ ಕೊಡುವ ಪುಡಿ) ಅರ್ಧ ಗ್ರಾಂ. ಕಾಲೇಜು ಲ್ಯಾಬ್‌ಗಳಿಗೆ ಸಾಮಾನು ಕೊಡುವ ಅಂಗಡಿಗಳಲ್ಲಿ ಕೇಳಿದರೆ ತರಿಸಿಕೊಡುತ್ತಾರೆ. ಬೇಕರಿಯ ಯೀಸ್ಟ್ ಹಾಕಬೇಡಿ, ಅದು ಕರಗುವುದಿಲ್ಲ, ಸತ್ತ ಕಣಗಳೇ ನೀರನ್ನು ಮಬ್ಬು ಮಾಡುತ್ತವೆ.

ಅದು ಸಿಗದಿದ್ದರೆ ಆಲೂಗಡ್ಡೆ ರಸ. 100 ಗ್ರಾಂ ಆಲೂಗಡ್ಡೆ ಸಿಪ್ಪೆ ತೆಗೆದು ಸಣ್ಣ ಹೋಳು ಮಾಡಿ, ಪಿಷ್ಟ ಹೋಗುವಂತೆ ಎರಡು ಸಲ ತೊಳೆದು, 500 ಮಿ.ಲೀ. ನೀರಿನಲ್ಲಿ 20 ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ. ಬಟ್ಟೆಯಲ್ಲಿ ಸೋಸುವಾಗ ಹಿಂಡಬಾರದು, ಹಿಂಡಿದರೆ ಪಿಷ್ಟವೆಲ್ಲ ಇಳಿದುಬಿಡುತ್ತದೆ. ಒಂದೆರಡು ತಾಸು ನಿಲ್ಲಿಸಿ, ಮೇಲಿನ ತಿಳಿ ಬಸಿದು, ನೀರು ಸೇರಿಸಿ ಮತ್ತೆ 500 ಮಾಡಿ, 10 ಗ್ರಾಂ ಡೆಕ್ಸ್‌ಟ್ರೋಸ್ ಹಾಕಿ. ಮೆಡಿಕಲ್‌ನಲ್ಲಿ ಬೇಸಿಗೆಗೆ ಮಾರುವ ಗ್ಲೂಕೋಸ್ ಡಬ್ಬಿಯಲ್ಲಿ ಕ್ಯಾಲ್ಸಿಯಂ, ರಂಜಕ ಬೆರೆತಿರುತ್ತವೆ, ಅದೂ ಬಿಳಿ ಗಷ್ಟು ಬಿಡುತ್ತದೆ. ಡಬ್ಬಿಯ ಹಿಂದಿನದನ್ನು ಓದಿ, ಬರೀ ಡೆಕ್ಸ್‌ಟ್ರೋಸ್ ಇದ್ದದ್ದನ್ನೇ ತನ್ನಿ.

ಮತ್ತೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ಪ್ರತಿ ಸಲ ಒಂದು ಬಾಟಲಿ ಹೆಚ್ಚಿಗೆ ಮಾಡಿ. ಅದೇ ನೀರು, ಅದೇ ಮುಚ್ಚಳ, ಅದೇ ಕುಕ್ಕರ್. ಅದಕ್ಕೆ ಕಲ್ಚರ್ ಹಾಕಬಾರದು, ಸುಮ್ಮನೆ ಪಕ್ಕದಲ್ಲಿಡಬೇಕು. ನಾವು ಅದನ್ನು ಸಾಕ್ಷಿ ಬಾಟಲಿ ಅನ್ನುತ್ತೇವೆ. ಅದು ಒಂದು ವಾರದೊಳಗೆ ಮಬ್ಬಾದರೆ ಕುಕ್ಕರ್ ಅಥವಾ ಮುಚ್ಚಳದ ದೋಷ. ಅದು ತಿಳಿಯಾಗಿದ್ದು ಕಲ್ಚರ್ ಹಾಕಿದ್ದು ಮಾತ್ರ ಕೆಟ್ಟರೆ ಕೈಯ ಅಥವಾ ತಾಯಿ ಕಲ್ಚರಿನ ದೋಷ. ಸಾಕ್ಷಿ ಇಲ್ಲದಿದ್ದರೆ ಬರೀ ಊಹೆ.

ಬಿಳಿಜೋಳ, ಜೇವರ್ಗಿ

ಕುಕ್ಕರ್ ವಿಷಯ ಪೂರ್ತಿ ಹೇಳ್ತೀನ್ರಿ, ಯಾಕಂದ್ರ ಇಲ್ಲೇ ಭಾಳ ಮಂದಿ ಎಡವತಾರ.

ಮನಿ ಕುಕ್ಕರ್ ವೇಟ್ ಹಾಕಿದಾಗ ಸುಮಾರು 1 ಕೆ.ಜಿ. ಪ್ರತಿ ಚದರ ಸೆಂ.ಮೀ. ಒತ್ತಡಕ್ಕ ಸೀಟಿ ಹೊಡೀತದ, ಅಂದ್ರ 120 ಡಿಗ್ರಿ ಹತ್ರಹತ್ರ. ಇದು ಸಾಕು. ಆದರ ಎಣಿಸಬೇಕಾದ್ದು ಸೀಟಿ ಅಲ್ಲ, ನಿಮಿಷ. ತಳಕ್ಕ 3 ಸೆಂ.ಮೀ. ನೀರು, ಅದರ ಮ್ಯಾಲ ತೂತಿನ ತಟ್ಟಿ, ಅದರ ಮ್ಯಾಲ ಬಾಟಲಿ. ಬಾಟಲಿ ತಳಕ್ಕ ತಾಗಿದ್ರ ಸೀಳ್ತದ. ಬಾಟಲಿಯ ಅರ್ಧದಷ್ಟೇ ದ್ರವ ಇರಲಿ. ಮುಚ್ಚಳಕ್ಕ ಗಾಳಿ ಸೋಸೋ ಫಿಲ್ಟರ್ ಇರಬೇಕು, ಅದರ ಮ್ಯಾಲ ಅಲ್ಯೂಮಿನಿಯಂ ಫಾಯಿಲ್ ಎರಡು ಸುತ್ತು ಬಿಗಿದ್ರ ಹನಿ ನೀರು ಫಿಲ್ಟರಿಗೆ ಬೀಳಾಂಗಿಲ್ಲ.

ಮೊದಲು ವೇಟ್ ಇಲ್ಲದ ಒಲಿ ಹಚ್ಚರಿ. ಉಗಿ ಒಂದೇ ಸಮ ಜೋರಾಗಿ ಬರಲಿಕ್ಕೆ ಶುರುವಾದ ಮ್ಯಾಲ 5 ನಿಮಿಷ ಬಿಟ್ಟು ವೇಟ್ ಹಾಕ್ರಿ. ಒಳಗಿನ ಗಾಳಿ ಪೂರ್ತಿ ಹೊರಗ ಹೋಗದಿದ್ರ ಒತ್ತಡ ಬಂದ್ರೂ ಬಿಸಿ ಬರೋಬ್ಬರಿ ಏರಾಂಗಿಲ್ಲ. ಮೊದಲ ಸೀಟಿಗೆ ಉರಿ ಸಣ್ಣ ಮಾಡಿ, ಅಲ್ಲಿಂದ 25 ನಿಮಿಷ ಎಣಿಸ್ರಿ. ಬೀದರ್ ಕಡಿ ಎತ್ತರ ಹೆಚ್ಚು, ಅಲ್ಲಿ 30 ಇಡ್ರಿ. ಅದಕ್ಕೂ ಹೆಚ್ಚು ಬ್ಯಾಡ, ಸಕ್ಕರಿ ಕಂದಿ ಕಪ್ಪಾಗ್ತದ, ಎಳಿಗೂ ಹಿಡಸಾಂಗಿಲ್ಲ.

ಒಲಿ ಆರಿಸಿದ ಮ್ಯಾಲ ವೇಟ್ ಎತ್ತಬ್ಯಾಡ್ರಿ. ಒತ್ತಡ ಒಮ್ಮೆಲೆ ಇಳಿದ್ರ ಬಾಟಲಿಯೊಳಗಿನ ದ್ರವ ಉಕ್ಕಿ ಫಿಲ್ಟರ್ ಸಿಹಿ ನೀರಿನಾಗ ತೋಯ್ತದ. ತೋಯ್ದ ಫಿಲ್ಟರ್ ಅಂದ್ರ ಬೂಷ್ಟಿಗೆ ತೆರೆದಿಟ್ಟ ಬಾಗಿಲು. ತಾನಾಗೇ ಆರಲಿ, ರಾತ್ರಿ ಮಾಡಿ ಮುಂಜಾನಿ ತೆಗೆದ್ರ ಇನ್ನೂ ಚಲೋ. ಆರುವಾಗ ಬಾಟಲಿ ಹೊರಗಿನ ಗಾಳಿ ಎಳಕೋತದ, ಅದಕ್ಕೇ ಫಿಲ್ಟರ್ ಬೇಕು, ಅದಕ್ಕೇ ಸಡಿಲ ಮುಚ್ಚಳ ಬ್ಯಾಡ. ಮತ್ತ ಬಿಸಿ ಬಾಟಲಿ ಫರಸಿ ನೆಲದ ಮ್ಯಾಲ ನೇರ ಇಡಬ್ಯಾಡ್ರಿ. ನಮ್ಮ ಮನಿ ಫರಸಿ ತಣ್ಣಗಿರ್ತದ, ತಳ ಠಣ್ ಅಂತ ಬಿರಿದು ಬೀಳ್ತದ. ಮಡಚಿದ ಚೀಲದ ಮ್ಯಾಲ ಇಡ್ರಿ.

ಕಾಲುವೆನೀರು, ಶಹಾಪುರ

ಫಿಲ್ಟರ್ ಇರುವ ಮುಚ್ಚಳ ಅಂದ್ರೆ ಎಲ್ಲಿ ಸಿಗುತ್ತೆ ಸರ್? ಇಂಜೆಕ್ಷನ್ ಔಷಧಿಯ ರಬ್ಬರ್ ಬಿರಡೆ ಬಾಟಲಿ ಆಗುತ್ತಾ? ಹಾಗೇ ಆನ್‌ಲೈನ್‌ನಲ್ಲಿ ಬೀಜಕಣದ ಸಿರಿಂಜ್ ಅಂತ ಮಾರುತ್ತಾರೆ, ಅದನ್ನು ನೇರ ಬಾಟಲಿಗೆ ಚುಚ್ಚಬಹುದಾ?

ಸುರಪುರಗುಡ್ಡ, ಸುರಪುರ

ಮುಚ್ಚಳ ಕೊಳ್ಳೋದಲ್ಲ, ಮಾಡೋದು. ಜಾಮ್ ಬಾಟಲಿಯ ತಗಡಿನ ಮುಚ್ಚಳ ತಗೊಳ್ಳಿ. ಪ್ಲಾಸ್ಟಿಕ್ ಮುಚ್ಚಳ ಆದರೆ ಬಿಸಿಗೆ ಸೊಟ್ಟಾಗದ ಪಿಪಿ ಆಗಿರಬೇಕು, ಕೆಳಗೆ 5 ಅಂಕಿಯ ಗುರುತು ಇರುತ್ತದೆ. ಎರಡು ತೂತು ಕೊರೆಯಿರಿ, ಒಂದು 6 ಮಿ.ಮೀ., ಇನ್ನೊಂದು ಫಿಲ್ಟರಿನ ಮೂತಿಗೆ ತಕ್ಕಷ್ಟು. ತೂತಿನ ಅಂಚು ಸ್ಯಾಂಡ್ ಪೇಪರಿನಿಂದ ನಯ ಮಾಡಿ, ಸ್ಪಿರಿಟ್‌ನಿಂದ ಒರೆಸಿ.

ಮೊದಲ ತೂತಿಗೆ ಎಂಜಿನ್ ಗ್ಯಾಸ್ಕೆಟ್‌ಗೆ ಹಚ್ಚುವ ಆರ್‌ಟಿವಿ ಸಿಲಿಕೋನ್. ಟ್ರ್ಯಾಕ್ಟರ್, ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುತ್ತದೆ, ಕೆಂಪು ಅಥವಾ ಬೂದು. ಮೇಲೊಂದು ಕೆಳಗೊಂದು ಗುಳಿಗೆಯಷ್ಟು ದಪ್ಪ ಹಚ್ಚಿ, ನಡುವೆ ಗಾಳಿ ಉಳಿಯದಂತೆ ಒತ್ತಿ, 24 ತಾಸು ಒಣಗಿಸಿ. ಸೂಜಿ ಚುಚ್ಚಿ ತೆಗೆದ ಮೇಲೆ ತೂತು ತಾನೇ ಮುಚ್ಚಿಕೊಳ್ಳುತ್ತದೆ. ತೆಳ್ಳಗೆ ಹಚ್ಚಿದರೆ ನಾಲ್ಕನೇ ಚುಚ್ಚಿಗೇ ಸೋರುತ್ತದೆ. ಗೋಡೆ ಬಿರುಕಿಗೆ ಹಾಕುವ ಅಕ್ರಿಲಿಕ್ ಸೀಲಂಟ್ ಬಿಸಿಗೆ ಕಿತ್ತುಬರುತ್ತದೆ, ಅದು ಬೇಡ.

ಎರಡನೇ ತೂತಿಗೆ 0.22 ಮೈಕ್ರಾನ್ ಸಿರಿಂಜ್ ಫಿಲ್ಟರ್, ಪಿಟಿಎಫ್‌ಇ ಪೊರೆಯದ್ದೇ ಕೇಳಿ. ಅದು ನೀರು ಹೀರುವುದಿಲ್ಲ. ನೈಲಾನ್ ಪೊರೆಯದ್ದು ಉಗಿಗೆ ತೋಯ್ದು ಗಾಳಿ ಕಟ್ಟಿಬಿಡುತ್ತದೆ. ಕಡಿಮೆ ಖರ್ಚಿನಲ್ಲಿ ಆಗಬೇಕೆಂದರೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ನಾರನ್ನು 8 ಮಿ.ಮೀ. ತೂತಿನಲ್ಲಿ ಬಿಗಿಯಾಗಿ ತುರುಕಿ, ಮೇಲೆ ಗಾಯಕ್ಕೆ ಹಚ್ಚುವ ಕಾಗದದ ಟೇಪ್ ಎರಡು ಪದರ ಹಚ್ಚಿ. ಆಸ್ಪತ್ರೆಯ ಸಾದಾ ಹತ್ತಿ ಬೇಡ, ಉಗಿ ಹೀರುತ್ತದೆ.

ರಬ್ಬರ್ ಬಿರಡೆಯ 100 ಮಿ.ಲೀ. ಗಾಜಿನ ಬಾಟಲಿ ಆಗುತ್ತದೆ, ಆದರೆ ಅದಕ್ಕೆ ಗಾಳಿ ಹೋಗುವ ದಾರಿ ಇಲ್ಲ. ಕುಕ್ಕರಿಗೆ ಇಡುವಾಗಲೂ ಬೆಳೆಯುವಾಗಲೂ ಬಿರಡೆಗೆ ಒಂದು ಸೂಜಿ ಚುಚ್ಚಿ ಅದರ ಬುಡಕ್ಕೆ ಸಿರಿಂಜ್ ಫಿಲ್ಟರ್ ಸಿಕ್ಕಿಸಿ ಬಿಡಬೇಕು. ಒಳಗೆ ಉಳಿದ ಔಷಧಿಯ ಮಾತು ಬೇರೆ. ಆ್ಯಂಟಿಬಯೋಟಿಕ್ ಇದ್ದ ಬಾಟಲಿ ಯಾವ ಕಾರಣಕ್ಕೂ ಬೇಡ.

ಬಿಳಿಜೋಳ, ಜೇವರ್ಗಿ

ಬೀಜಕಣದ ಸಿರಿಂಜ್ ನೇರ ಬಾಟಲಿಗೆ ಹಾಕಬ್ಯಾಡ್ರಿ. ಅಣಬಿ ಬೀಜಕಣ ಬಯಲಾಗ ಉದುರಿದ್ದು, ಅದರ ಜೊತಿಗೆ ಬ್ಯಾಕ್ಟೀರಿಯಾ ಬಂದೇ ಬರ್ತಾವ. ಅಗರ್ ತಟ್ಟಿ (ಜೆಲ್ಲಿ ಹಂಗ ಗಟ್ಟಿಯಾದ ಆಹಾರ ಹಾಕಿದ ತಟ್ಟಿ) ಮ್ಯಾಲ ಹಾಕಿದ್ರ ಅವು ಒಂದು ಕಡಿ ಹೊಳೆಯುವ ಚುಕ್ಕಿಯಾಗಿ ಕಾಣ್ತಾವ, ಸ್ವಚ್ಛ ಎಳಿಯ ಅಂಚು ಕೊಯ್ದು ಬ್ಯಾರೆ ತಟ್ಟಿಗೆ ಹಾಕಬಹುದು. ದ್ರವದಾಗ ಬೇರ್ಪಡಿಸೋದು ಅಂತ ಇಲ್ಲ. ಒಂದು ಹನಿ ಕೆಟ್ಟದ್ದು ಬಂದ್ರ ಬಾಟಲಿ ಪೂರ್ತಿ ಹೋತು. ಮತ್ತ ಬೀಜಕಣದಿಂದ ಬಂದದ್ದು ಯಾವ ಗುಣದ್ದು ಅಂತ ಬೆಳೆದ ಮ್ಯಾಲೇ ಗೊತ್ತಾಗೋದು. ಪರೀಕ್ಷೆ ಆದ ತಳಿಯ ಟ್ಯೂಬ್ ಕಲ್ಚರ್ ತಗೋರಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ, ಸೋಲನ್‌ನ ಅಣಬೆ ಸಂಶೋಧನಾ ನಿರ್ದೇಶನಾಲಯ, ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯ ಇಂಥಾ ಕಡಿ ವಿಚಾರಿಸ್ರಿ.

ಹಾಕೋ ರೀತಿ: 50–60 ಲೀಟರಿನ ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗಿ ಬೋರಲು ಹಾಕಿ, ಪಕ್ಕಕ್ಕ ಕೈ ಹೋಗೋ ಎರಡು ತೂತು. ಫ್ಯಾನ್, ಕೂಲರ್ ಬಂದ್ ಮಾಡಿ ಅರ್ಧ ತಾಸು ಬಿಡ್ರಿ, ಧೂಳು ಕೆಳಗ ಕೂಡಲಿ. ನಮ್ಮ ಕಡಿ ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನದ ಸುಳಿಗಾಳಿಗೆ ಮನಿಯೆಲ್ಲಾ ಧೂಳು. ಆಗ ಈ ಕೆಲಸಕ್ಕ ನಸುಕಿನ 5 ಗಂಟೆ ಚಲೋ. ಪೆಟ್ಟಿಗಿ ಒಳಗ, ಕೈಗವಸು, ಮುಚ್ಚಳ, ಎಲ್ಲಾ ಶೇ. 70ರ ಐಸೊಪ್ರೊಪೈಲ್ ಸ್ಪಿರಿಟ್‌ನಿಂದ ಒರೆಸ್ರಿ. ಶೇ. 99ರದ್ದು ಹೆಚ್ಚು ಜೋರು ಅಂತ ತಿಳೀಬ್ಯಾಡ್ರಿ, ಅದು ಬೇಗ ಹಾರಿಹೋಗ್ತದ, ನೀರು ಬೆರೆತದ್ದೇ ಕೊಲ್ಲೋದು.

ಪೆಟ್ಟಿಗಿ ಒಳಗ ದೀಪ, ಲೈಟರ್ ಒಯ್ಯಲೇಬ್ಯಾಡ್ರಿ. ಮುಚ್ಚಿದ ಜಾಗದಾಗ ಸ್ಪಿರಿಟ್ ಆವಿ ತುಂಬಿರ್ತದ, ಕಿಡಿ ತಾಗಿದ್ರ ಕೈ, ಮುಖ ಎರಡೂ ಸುಡ್ತಾವ. ಸೂಜಿ ಹೊರಗೇ ಕೆಂಪಗ ಕಾಯಿಸಿ, ಆರಿಸಿ, ಆಮ್ಯಾಲ ಒಳಗ ಒಯ್ಯರಿ. ಸ್ಪಿರಿಟ್ ಹಚ್ಚಿದ ಗವಸಿನಿಂದ ಲೈಟರ್ ಹಿಡಿಯೋದೂ ಬ್ಯಾಡ.

ಅಗರ್ ಚೂರು ಅಕ್ಕಿಕಾಳಿನಷ್ಟು ಇರಲಿ, 250 ಮಿ.ಲೀ.ಗೆ 4–5 ಸಾಕು. ಮುಚ್ಚಳ ಪೂರ್ತಿ ತೆಗೀದ ಒಂದು ಬದಿ ಎತ್ತಿ ಹಾಕಿ ಮುಚ್ರಿ. ದ್ರವದಿಂದ ದ್ರವಕ್ಕ ಆದರ 3–5 ಮಿ.ಲೀ., ಬಂದರಿನ ಮ್ಯಾಲ ಸ್ಪಿರಿಟ್ ಒರೆಸಿ 18 ಗೇಜ್ ಸೂಜಿಯಿಂದ ಚುಚ್ಚರಿ. ಅದರ ಬುಡ ಗುಲಾಬಿ ಬಣ್ಣ ಇರ್ತದ. ಹಸಿರು ಬುಡದ 21ರಾಗ ಎಳಿ ಸಿಕ್ಕಿಬೀಳ್ತದ.

ಕಾಲುವೆನೀರು, ಶಹಾಪುರ

ಅಕ್ಕಾರ, ಬಂದರು ಅಂದ್ರೆ ಆ ಸಿಲಿಕೋನ್ ಗುಳಿಗೆನೇ ತಾನೆ? ಸೋಂಕು ಬರದಂತೆ ಬಾಟಲಿಗೇ ಆ್ಯಂಟಿಬಯೋಟಿಕ್ ಹಾಕಿದ್ರೆ ಇಷ್ಟು ತಕ್ಲೀಫ್ ತಪ್ಪುತ್ತಲ್ಲ?

ಬಿಳಿಜೋಳ, ಜೇವರ್ಗಿ

ಹೌದ್ರಿ, ಸಿಲಿಕೋನ್ ಗುಳಿಗಿನೇ. ಆ್ಯಂಟಿಬಯೋಟಿಕ್ ಬ್ಯಾಡ. ಅದು ಬ್ಯಾಕ್ಟೀರಿಯಾ ಅಷ್ಟೇ ತಡೀತದ, ಯೀಸ್ಟ್ ಬೂಷ್ಟಿಗೆ ಏನೂ ಆಗಾಂಗಿಲ್ಲ. ಭಾಳಷ್ಟು ಸಲ ಕೊಲ್ಲೋದೂ ಇಲ್ಲ, ಅಡಗಿಸಿ ಇಡ್ತದ. ಜೋಳಕ್ಕ ಹೋದ ಮ್ಯಾಲ ಔಷಧಿ ತೆಳ್ಳಗಾಗ್ತದ, ಆಗ ಏಳ್ತಾವ. ಬಾಟಲಿಯಾಗ ಕಂಡಿದ್ರ ಒಂದು ಬಾಟಲಿ ನಷ್ಟ, ಜೋಳದಾಗ ಕಂಡ್ರ 8 ಚೀಲ ನಷ್ಟ.

ತೊಗರಿಕಟಗಿ, ಚಿತ್ತಾಪುರ

24 ತಾಸು ನಿಲ್ಲಿಸಿ ಟಾರ್ಚ್ ಹಿಡಿದು ನೋಡಿದ್ದಾತು. ಮ್ಯಾಲಿನ ಅರ್ಧ ಸ್ವಲ್ಪ ತಿಳಿ ಆಗ್ಯದ, ಕಂದು ಬಣ್ಣ. ತಳದಾಗ ಕೆನಿ ಬಣ್ಣದ ನುಣ್ಣನೆ ಪದರ. ಬಾಟಲಿ ವಾಲಿಸಿದ್ರ ಪದರ ಹೊಗಿ ಹಂಗ ಏಳ್ತದ. ಮುಚ್ಚಳದ ಹತ್ರ ಸೇಂದಿ ವಾಸನಿ.

ಫರಸಿಕಲ್ಲು, ಶಹಾಬಾದ

ಸೇಂದಿ ವಾಸನೆ, ಕೆನೆ ಬಣ್ಣದ ಗಷ್ಟು: ಅದು ಯೀಸ್ಟ್. ಸುಣ್ಣದ ಗಷ್ಟಾಗಿದ್ದರೆ ವಾಸನೆ ಇರುತ್ತಿರಲಿಲ್ಲ, ದಿನದಿಂದ ದಿನಕ್ಕೆ ಹೆಚ್ಚುತ್ತಲೂ ಇರಲಿಲ್ಲ.

ಇಲ್ಲಿ ನನ್ನ ಮೊದಲ ಉತ್ತರವನ್ನು ತಿದ್ದಬೇಕು. 3 ಸೀಟಿ ಸಾಲದು ಎಂದಿದ್ದೆ, ಅದು ಈಗಲೂ ನಿಜ. ಆದರೆ ಯೀಸ್ಟ್ ಬಿಸಿಗೆ ಬೇಗ ಸಾಯುವ ಜೀವಿ, 3 ಸೀಟಿಗೆ ಉಳಿಯುವುದಿಲ್ಲ. ಅಷ್ಟು ಬಿಸಿಯಲ್ಲೂ ಉಳಿಯುವುದು ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾದ ಬೀಜಕಣ. ಅದು ಬಂದಿದ್ದರೆ ದ್ರವ ಒಂದೆರಡು ದಿನದಲ್ಲೇ ಒಂದೇ ಸಮ ಮಬ್ಬಾಗುತ್ತಿತ್ತು, ಹುಳಿ ಅಥವಾ ಕೊಳೆತ ವಾಸನೆ ಬರುತ್ತಿತ್ತು. ನಿಮ್ಮ ಬಾಟಲಿಗೆ ಯೀಸ್ಟ್ ಕುಕ್ಕರ್ ಆದ ಮೇಲೆ ಬಂದಿದೆ. ಒಂದೋ ಆ ಸಡಿಲ ಮುಚ್ಚಳದಿಂದ, ಇಲ್ಲವೇ ಚೂರು ಹಾಕುವಾಗ. ಮುಚ್ಚಳ ಸರಿ ಮಾಡದೆ ಬರೀ ನಿಮಿಷ ಹೆಚ್ಚಿಸಿದರೆ ಇದೇ ಮತ್ತೆ ಬರುತ್ತದೆ.

ಬಾಟಲಿ ಮನೆಯೊಳಗೆ ತೆರೆಯಬೇಡಿ. ಹಾಗೇ ಕುಕ್ಕರ್‌ಗೆ ಇಟ್ಟು 30 ನಿಮಿಷ ಕೊಟ್ಟು, ಆರಿದ ಮೇಲೆ ಹೊರಗೆ ತಿಪ್ಪೆಗೆ ಸುರಿಯಿರಿ. ಟ್ಯೂಬ್‌ನಲ್ಲಿ ಕಲ್ಚರ್ ಉಳಿದಿದ್ದರೆ ಅದರಿಂದ ಒಂದು ಚೂರು ಅಗರ್ ತಟ್ಟೆಗೆ ಹಾಕಿ, ಅದು ಸ್ವಚ್ಛವೇ ಅಂತ ಮೊದಲು ತಿಳಿದುಕೊಳ್ಳಿ.

ಸ್ವಚ್ಛ ಬಾಟಲಿ ಹೇಗೆ ಕಾಣುತ್ತದೆ ಅಂತಲೂ ಹೇಳುತ್ತೇನೆ. ಮೊದಲ ಎರಡು ದಿನ ಏನೂ ಕಾಣುವುದಿಲ್ಲ. 3–4ನೇ ದಿನ ಚೂರಿನ ಅಂಚು ಮೃದುವಾಗಿ ಮಸುಕಾಗುತ್ತದೆ, ಹೊಸದಾಗಿ ಹುಟ್ಟಿದ ಕೋಳಿಮರಿಯ ಪುಕ್ಕದ ಹಾಗೆ. 5–6ಕ್ಕೆ ಅಲುಗಾಡಿಸಿದರೆ ಸಣ್ಣ ಸಣ್ಣ ಮೋಡ ಬೇರ್ಪಟ್ಟು ತೇಲುತ್ತವೆ, ಪ್ರತಿ ಮೋಡದ ಅಂಚಿನಲ್ಲಿ ಒಂದೊಂದು ಎಳೆ ಬೆಳಕಿಗೆ ಮಿನುಗುತ್ತದೆ. ನಿಲ್ಲಿಸಿದರೆ ಹತ್ತು ನಿಮಿಷದಲ್ಲಿ ಇಳಿದು ಕೂರುತ್ತವೆ, ಮೇಲಿನ ನೀರು ಮತ್ತೆ ತಿಳಿ. ಫ್ಲೋರಿಡಾ 8–10 ದಿನಕ್ಕೆ ತಯಾರು. ಹಾಲು ಅಣಬೆ ನಿಧಾನ, ಎರಡು ವಾರ ಬೇಕು.

ಇಷ್ಟೆಲ್ಲ ಸರಿ ಕಂಡರೂ ನಂಬಬಾರದು. ಹಸಿರು ಬೂಷ್ಟು ದ್ರವದೊಳಗೆ ಮುಳುಗಿದ್ದಾಗ ಹಸಿರಾಗುವುದೇ ಇಲ್ಲ, ಅದೂ ಬಿಳಿಯೇ. ಗಾಳಿ ತಾಗಿ ಬೀಜಕಣ ಕಟ್ಟಿದಾಗ ಮಾತ್ರ ಬಣ್ಣ ಬರುತ್ತದೆ. ಬಿಳಿ ಗೋಲಿಗಳಂತೆ ದುಂಡು ದುಂಡಾಗಿ, ಒಂದೇ ಅಳತೆಯಲ್ಲಿ ಬೆಳೆದರೆ ಅನುಮಾನ ಇನ್ನೂ ಹೆಚ್ಚಿರಲಿ. ಬಾಟಲಿಯಿಂದ 1 ಮಿ.ಲೀ. ತೆಗೆದು ಎರಡು ಅಗರ್ ತಟ್ಟೆಗೆ ಎರಡೆರಡು ಹನಿ ಹಾಕಿ, ಒಂದು ವಾರ ಕಾಯಿರಿ. ಹನಿ ಬಿದ್ದ ಕಡೆಯಿಂದ ಬಿಳಿ ಎಳೆ ಮಾತ್ರ ಹರಡಿದರೆ ಬಾಟಲಿ ಸ್ವಚ್ಛ. ಲೋಳೆಯಂತೆ ಹೊಳೆಯುವ ಚುಕ್ಕೆ, ಹಸಿರು, ಕಪ್ಪು ಏನೇ ಕಂಡರೂ ಬಾಟಲಿ ತಿಪ್ಪೆಗೆ.

ಅಗರ್‌ಗೆ ಕಿರಾಣಿ ಅಂಗಡಿಯ ಚೈನಾ ಗ್ರಾಸ್ ಆಗುತ್ತದೆ, ಸಕ್ಕರೆ ಬೆರೆಸದ ಎಳೆಯ ರೂಪದ್ದು. ಮೇಲೆ ಹೇಳಿದ ಆಲೂಗಡ್ಡೆ ರಸಕ್ಕೆ ಲೀಟರಿಗೆ 20 ಗ್ರಾಂ. ಮೊದಲು 100 ಮಿ.ಲೀ.ಯಲ್ಲಿ 2 ಗ್ರಾಂ ಹಾಕಿ ಗಟ್ಟಿಯಾಗುತ್ತದೆಯೇ ನೋಡಿಕೊಳ್ಳಿ.

ಮಾಂಜ್ರಾದಂಡಿ, ಬೀದರ್

ಅಗರ್ ತಟ್ಟಿ ಇಲ್ಲದವರು ಏನು ಮಾಡಬೇಕು? ಒಂದು ಸಣ್ಣ ಬಾಟಲಿ ಜೋಳ ಬೇಯಿಸಿ ಕುಕ್ಕರ್ ಮಾಡಿ, ಅದಕ್ಕ 1 ಮಿ.ಲೀ. ಹಾಕಿ ನೋಡೋದೂ ಒಂದು ದಾರಿ. ಜೋಳ ತೋಯ್ದಂಗ ಹೊಳೆದು, ಬಾಟಲಿ ಗೋಡಿಗೆ ಅಂಟು ಹಿಡಿದು, ಹುಳಿ ವಾಸನಿ ಬಂದ್ರ ಬ್ಯಾಕ್ಟೀರಿಯಾ. ಒಂದು ಬೊಗಸಿ ಜೋಳ ಹೋದ್ರ ಹೋಗಲಿ, ಚೀಲ ಉಳೀತಾವ.

ಇನ್ನ ಬ್ಯಾಸಿಗಿ ಮಾತು ಯಾರೂ ಎತ್ತಿಲ್ಲ. ಫ್ಲೋರಿಡಾ ಎಳಿಗೆ 25–28 ಡಿಗ್ರಿ ಹಿಡಸ್ತದ. 35 ದಾಟಿದ್ರ ನಿಂತೇಬಿಡ್ತದ, ಬ್ಯಾಕ್ಟೀರಿಯಾಕ್ಕ ಮಾತ್ರ ಹಬ್ಬ. ಕಲಬುರಗಿ, ಯಾದಗಿರಿಯಾಗ ಮೇ ತಿಂಗಳಾಗ ಹೊರಗ 42–43, ಪತ್ರಾಸಿನ ಮನಿಯೊಳಗ ಇನ್ನೂ ಹೆಚ್ಚು. ಆಗ ಎರಡು ಮಣ್ಣಿನ ಗಡಿಗಿ ತಗೋರಿ, ದೊಡ್ಡದರಾಗ ಸಣ್ಣದು, ನಡುವ ಉಸುಕು. ಉಸುಕಿಗೆ ದಿನಕ್ಕ ಎರಡು ಸಲ ನೀರು. ನಮ್ಮ ಒಣ ಬಿಸಿಲಿಗೆ ಇದು ಭಾಳ ಚಲೋ ತಂಪು ಕೊಡ್ತದ, ಮಳಿಗಾಲದಾಗ ಅಷ್ಟು ನಡೆಯಾಂಗಿಲ್ಲ. ಸಣ್ಣ ಗಡಿಗಿ ಒಳಗೂ ತೇವ ಜಿನುಗ್ತದ, ಅದಕ್ಕ ಬಾಟಲಿಯನ್ನ ಒಂದು ಸ್ಟೀಲ್ ಡಬ್ಬಿಯಾಗ ಇಟ್ಟು, ಡಬ್ಬಿ ಗಡಿಗಿಯಾಗ ಇಡ್ರಿ. ಫಿಲ್ಟರ್ ಒಣಗಿರಲೇಬೇಕು. ಒಳಗೊಂದು ಥರ್ಮಾಮೀಟರ್ ಹಾಕ್ರಿ, ಕೈ ಮುಟ್ಟಿ ಅಂದಾಜು ಮಾಡಬ್ಯಾಡ್ರಿ.

ಇಲ್ಲಾಂದ್ರ ಏಪ್ರಿಲ್, ಮೇ ಎರಡು ತಿಂಗಳು ಹಾಲು ಅಣಬಿ ಮಾಡ್ರಿ. ಅದಕ್ಕ 30–35 ಡಿಗ್ರಿನೇ ಬೇಕು.

ಸುರಪುರಗುಡ್ಡ, ಸುರಪುರ

ಅಲುಗಾಡಿಸುವುದರ ಬಗ್ಗೆ ಒಂದು ಮಾತು. ಸುಮ್ಮನೆ ಇಟ್ಟರೆ ಎಳೆ ಒಂದೇ ಗಡ್ಡೆಯಾಗಿ, ಮೇಲೆ ಚಾಪೆ ಹಾಸಿದಂತೆ ಬೆಳೆಯುತ್ತದೆ, ಸೂಜಿಯಲ್ಲಿ ಬರುವುದಿಲ್ಲ. ಕುಕ್ಕರ್‌ಗೆ ಇಡುವ ಮುಂಚೆಯೇ ಬಾಟಲಿಗೆ 4–5 ಗಾಜಿನ ಗೋಲಿ ಹಾಕಿ. ದಿನಕ್ಕೆ ಎರಡು ಸಲ ಗುಂಡಗೆ ತಿರುಗಿಸಿ, ದ್ರವ ಫಿಲ್ಟರಿಗೆ ತಾಗಬಾರದು.

ಕೈಯಿಂದ ಬೇಡ ಎನ್ನುವವರು ಹಳೆ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ತಗೊಂಡು, ನಡುವಿನ ಗುಬ್ಬಿಗೆ ಎರಡು ನಿಯೋಡಿಮಿಯಂ ಅಯಸ್ಕಾಂತ ಅಂಟಿಸಿ. ಒಂದರ ಉತ್ತರ ಮೇಲೆ, ಇನ್ನೊಂದರ ದಕ್ಷಿಣ ಮೇಲೆ ಇರಬೇಕು. ಎರಡರ ನಡುವಿನ ಅಂತರ ದ್ರವ ಕಲಕಲು ಬಾಟಲಿಯೊಳಗೆ ಹಾಕುವ 25 ಮಿ.ಮೀ. ಅಯಸ್ಕಾಂತದ ಕಡ್ಡಿಯ ತುದಿಗಳಿಗೆ ಹೊಂದಬೇಕು. ವೇಗ ಇಳಿಸಲು ರೆಗ್ಯುಲೇಟರ್ ಬೇಕೇ ಬೇಕು, ಮೊದಲಿಗೇ ಜೋರು ಬಿಟ್ಟರೆ ಕಡ್ಡಿ ಹಾರಿ ಗಾಜಿಗೆ ಬಡಿಯುತ್ತದೆ. ಕಡ್ಡಿಗೆ ಟೆಫ್ಲಾನ್ ಹೊದಿಕೆ ಇರಲಿ. ಕಬ್ಬಿಣದ ಮೊಳೆ ಹಾಕಿದರೆ ತುಕ್ಕು ಬಿಟ್ಟು ದ್ರವ ಕೆಂಪಾಗುತ್ತದೆ. ದಿನಕ್ಕೆ 10–15 ನಿಮಿಷ ಸಾಕು.

ತೊಗರಿಕಟಗಿ, ಚಿತ್ತಾಪುರ

ಭಾಳ ಉಪಕಾರ ಆತ್ರಿ. ಹೊಸ ಬಾಟಲಿ, ಸಾಕ್ಷಿ ಬಾಟಲಿ ಎರಡೂ ತಯಾರು ಮಾಡೋದು ಶುರುವಾಗ್ಯದ. ಸ್ವಚ್ಛ ಬಂದ್ರ ಜೋಳಕ್ಕ ಎಷ್ಟು ಹಾಕಬೇಕು? ಹೆಚ್ಚು ಹಾಕಿದ್ರ ಬೇಗ ಬರ್ತದ ಅಲ್ರಿ?

ಬಿಳಿಜೋಳ, ಜೇವರ್ಗಿ

ಹೆಚ್ಚು ಹಾಕಿದ್ರ ಜೋಳ ತೋಯ್ತದ, ತೋಯ್ದ ಜೋಳ ಕೊಳೀತದ. 500 ಗ್ರಾಂ ಚೀಲಕ್ಕ 5 ಮಿ.ಲೀ. ಸಾಕು, ಒಂದೇ ಕಡಿ ಬ್ಯಾಡ, ಗೋಡಿ ಸುತ್ತ ಮೂರು ನಾಲ್ಕು ಕಡಿ ಹನಿಸ್ರಿ.

ಜೋಳ ಮಾಡೋದ್ರಾಗ ನೀರಿನ ಲೆಕ್ಕ ತಪ್ಪಬಾರದು. ಮಾಲದಂಡಿ ಆಗಲಿ ಯಾವುದೇ ಬಿಳಿಜೋಳ ಆಗಲಿ, ಔಷಧಿ ಹಚ್ಚಿದ ಬಿತ್ತನಿ ಬೀಜ ಬ್ಯಾಡ, ಊಟದ ಜೋಳ ತಗೋರಿ. 10–12 ತಾಸು ನೆನೆಸಿ, 15–20 ನಿಮಿಷ ಕುದಿಸಿ. ಉಗುರಿನಿಂದ ಒತ್ತಿದ್ರ ಮೆತ್ತಗಾಗಬೇಕು, ಕಾಳು ಒಡೆದು ಹಿಟ್ಟು ಹೊರಗ ಬರಬಾರದು. ಬಸಿದು ಬಟ್ಟಿ ಮ್ಯಾಲ ಹರವಿ, ಅಂಗೈ ಮ್ಯಾಲ ಇಟ್ಟ ಕಾಳು ತೇವ ಬಿಡದಷ್ಟು ಆರಿಸ್ರಿ. ಒಣ ಜೋಳದ ಕಿಲೋಕ್ಕ 20 ಗ್ರಾಂ ಜಿಪ್ಸಂ, 5 ಗ್ರಾಂ ಸೀಮೆಸುಣ್ಣದ ಪುಡಿ ಕಲಸ್ರಿ, ಕಾಳು ಒಂದಕ್ಕೊಂದು ಅಂಟಾಂಗಿಲ್ಲ. ಪಿಪಿ ಚೀಲ, ಕುಕ್ಕರ್‌ನಾಗ 90 ನಿಮಿಷ. ಅಷ್ಟು ಹೊತ್ತಿಗೆ ತಳದ ನೀರು ಮುಗೀಬಾರದು, ಮೊದಲೇ ಹೆಚ್ಚು ಹಾಕಿ ತಟ್ಟಿ ಎತ್ತರ ಇಡ್ರಿ.

ಚೀಲದ ಮೂರನೇ ಒಂದು ಭಾಗ ಬಿಳಿ ಆದಾಗ ಒಮ್ಮೆ ಹಿಚುಕಿ ಕಲಸ್ರಿ. ಎರಡು ವಾರದೊಳಗ ತುಂಬ್ತದ.

ಕಾಲುವೆನೀರು, ಶಹಾಪುರ

ಉಳಿದ ಬಾಟಲಿ ಎಷ್ಟು ದಿನ ಇಡಬಹುದು? ಅದರಿಂದ ಇನ್ನೊಂದು, ಅದರಿಂದ ಮತ್ತೊಂದು ಹೀಗೆ ಮಾಡ್ತಾ ಹೋದ್ರೆ ಕಲ್ಚರ್ ಕೊಳ್ಳೋದೇ ಬೇಡ ಅಲ್ವಾ?

ಫರಸಿಕಲ್ಲು, ಶಹಾಬಾದ

ಫ್ರಿಜ್‌ನಲ್ಲಿ 4 ಡಿಗ್ರಿಯ ಹತ್ತಿರ ಫ್ಲೋರಿಡಾ ಮೂರು ತಿಂಗಳು ಚೆನ್ನಾಗಿರುತ್ತದೆ. ಬಾಗಿಲಿನ ಅರೆಯಲ್ಲಿ ಇಡಬೇಡಿ, ಒಳಗೆ ಹಿಂದಕ್ಕೆ ಇಡಿ. ಗುಲಾಬಿ ಚಿಪ್ಪಣಬೆ ಮತ್ತು ಭತ್ತದ ಹುಲ್ಲಿನ ಅಣಬೆಯ ಕಲ್ಚರ್ ಫ್ರಿಜ್‌ನಲ್ಲಿ ಸಾಯುತ್ತವೆ, ಅವು ಹೊರಗೇ ಇರಲಿ, ಬೇಗ ಬಳಸಿ. ಹೊರತೆಗೆದ ಬಾಟಲಿ ಕೋಣೆಯ ಬಿಸಿಗೆ ಬರುವ ತನಕ ಕಾಯ್ದು ಆಮೇಲೆ ಚುಚ್ಚಿ.

ಬಾಟಲಿಯಿಂದ ಬಾಟಲಿಗೆ ಮೂರು ಸಲಕ್ಕಿಂತ ಹೆಚ್ಚು ಬೇಡ. ಪ್ರತಿ ಸಲ ಎಳೆ ಹಳತಾಗುತ್ತ ಹೋಗುತ್ತದೆ, ಬೆಳವಣಿಗೆ ಸೋಲುತ್ತದೆ, ಇಳುವರಿ ಕುಸಿಯುತ್ತದೆ. ಜೊತೆಗೆ ಕಣ್ಣಿಗೆ ಬೀಳದ ಸಣ್ಣ ಸೋಂಕಿದ್ದರೆ ಅದೂ ಪ್ರತಿ ಸಲ ಬಲಿಯುತ್ತದೆ. ಟ್ಯೂಬ್ ಬಂದ ದಿನವೇ ಅದರಿಂದ ಐದಾರು ಹೊಸ ಅಗರ್ ಟ್ಯೂಬ್ ಮಾಡಿ ಫ್ರಿಜ್‌ಗೆ ಇಟ್ಟರೆ, ಮೂರನೇ ಬಾಟಲಿ ಮುಗಿದಾಗ ಮತ್ತೆ ಟ್ಯೂಬ್‌ನಿಂದಲೇ ಶುರು ಮಾಡಬಹುದು.

ಬಾಟಲಿಯ ಮೇಲೆ ತಳಿ, ಹಾಕಿದ ತಾರೀಖು, ಎಷ್ಟನೇ ಸಲದ್ದು, ಇಷ್ಟನ್ನು ಮಾರ್ಕರ್‌ನಿಂದ ಬರೆಯಿರಿ. ಗಾಜಿನ ಮೇಲೆಯೇ ಬರೆಯಿರಿ, ಮುಚ್ಚಳದ ಮೇಲೆ ಬೇಡ. ಮುಚ್ಚಳ ಅದಲುಬದಲಾಗುತ್ತವೆ. ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ, ಮುಚ್ಚಳ ಬಿಗಿದು ಆಸ್ಪತ್ರೆಯ ಕಸಕ್ಕೆ ಕೊಡಿ. ಬೀದಿಯ ಕಸದ ಗಾಡಿಗೆ ಹಾಕಬೇಡಿ, ಅದನ್ನು ಬರಿಗೈಯಲ್ಲಿ ವಿಂಗಡಿಸುವವರಿದ್ದಾರೆ.

ತೊಗರಿಕಟಗಿ ಅಣ್ಣಾರ, ಸಾಕ್ಷಿ ಬಾಟಲಿಯ 7ನೇ ದಿನದ ಸ್ಥಿತಿ ಇಲ್ಲೇ ಬರೆಯಿರಿ. ಜೋಳ ಅಲ್ಲೀತನಕ ಒಣಗೇ ಇರಲಿ.